ಬಿಸಿಲುಂಡ ಪೈಪು

ನಾಗಪುರ
೧೨ ಡಿಸೆಂಬರ್ ೨೦೨೪

ಅಣ್ಣಯ್ಯನಿಗೆ,

ನಿನ್ನ ಪಾರ್ಸೆಲ್ ಬಂತು. ಪೈಪಿನ ತುಂಡಿಗೆ ಪೇಪರ್ ಸುತ್ತಿ, ಗೋಣಿಯಲ್ಲಿ ಹೊಲಿದು, ಮೇಲೆ ದಪ್ಪ ಅಕ್ಷರದಲ್ಲಿ ‘ಒಡೆಯುವುದಿಲ್ಲ’ ಎಂದು ಬರೆದಿದ್ದೀಯ. ಇಲ್ಲಿಯ ಪೋಸ್ಟಿನವರಿಗೆ ಕನ್ನಡ ಬಾರದು. ಆದ್ದರಿಂದ ಅದು ನನಗೇ ಬರೆದದ್ದು ಎಂದು ತಿಳಿದುಕೊಂಡಿದ್ದೇನೆ.

ಕ್ಷೇಮ ಸಮಾಚಾರಕ್ಕೆ ಫೋನ್ ಇದೆ. ಆದರೆ ಫೋನಿನಲ್ಲಿ ನಮ್ಮಿಬ್ಬರದು ಮೂರನೇ ಮಾತಿಗೆ ಜಗಳ, ನಾಲ್ಕನೇ ಮಾತಿಗೆ ಕಟ್. ಕಾಗದವಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ. ಹರಿದು ಹಾಕಬಹುದು, ಆದರೆ ನಿನ್ನ ಕುತೂಹಲ ನನಗೆ ಗೊತ್ತಿದೆ. ಓದಿಯೇ ಹರಿಯುತ್ತೀಯ.

ದಸರಾಕ್ಕೆ ಮೇಳಿಗೆಗೆ ಬಂದಾಗ ನಿನ್ನ ಗಿರಾಕಿಗಳ ಮುಂದೆ “ಅಣ್ಣಯ್ಯ, ಇದು ಗನ್ನಲ್ಲ, ಬಾಂಬು” ಎಂದೆನಲ್ಲ, ಅಂಗಡಿ ಬಾಗಿಲು ಹಾಕಿದ ಮೇಲೆ ಹೇಳಬೇಕಿತ್ತು. ಹೇಳಿದ ಮಾತನ್ನು ಮಾತ್ರ ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಪಂಪ್‌ಸೆಟ್ ರಿಪೇರಿ ಮಾಡುವ ನೀನು, ನೀರು ಹರಿಯಬೇಕಾದ ಪ್ಲಾಸ್ಟಿಕ್ ಪೈಪಿನಲ್ಲಿ ಗ್ಯಾಸ್ ತುಂಬಿಸಿ, ಕಿಡಿ ಕೊಟ್ಟು, ಢಂ ಎನ್ನಿಸಿ ಮಂಗ ಓಡಿಸುವ ಗನ್ ಮಾರುತ್ತೀಯ ಎಂದು ಇಲ್ಲಿಯವರಿಗೆ ಹೇಳಿದರೆ ನಗುತ್ತಾರೆ. ನಗುವುದು ಯಾಕೆಂದರೆ ಅವರಿಗೆ ನಮ್ಮ ಕಡೆಯ ಮಂಗ ಗೊತ್ತಿಲ್ಲ. ಬಾಳೆಗೊನೆ, ಏಲಕ್ಕಿ, ಎಳೆ ತೆಂಗು, ಕೊನೆಗೆ ಅಡುಗೆಮನೆಯ ಉಪ್ಪಿನ ಡಬ್ಬಿ, ಏನೂ ಬಿಡುವುದಿಲ್ಲ ಎಂದರೆ ಅದಕ್ಕೂ ನಗುತ್ತಾರೆ.

“ನಿನ್ನ ಮಿಶಿನ್ನಿಗೇ ಕೊಟ್ಟು ನೋಡು” ಎಂದು ಸವಾಲು ಹಾಕಿದೆಯಲ್ಲ, ಕೊಟ್ಟು ನೋಡಿದೆ. ನಮ್ಮ ಲ್ಯಾಬಿನಲ್ಲಿ ಕ್ವಾರಿಗೆ ಹೋಗುವ ಸ್ಫೋಟಕವನ್ನೂ ಅದನ್ನು ತುಂಬುವ ಪ್ಲಾಸ್ಟಿಕ್ ಕೊಳವೆಯನ್ನೂ ಪರೀಕ್ಷಿಸುತ್ತೇವೆ. ಎರಡಕ್ಕೂ ಲೋಲಕವೇ ಆಧಾರ, ಶಾಲೆಯಲ್ಲಿ ದಾರಕ್ಕೆ ಕಲ್ಲು ಕಟ್ಟಿ ತೂಗಾಡಿಸುತ್ತಿದ್ದೆವಲ್ಲ, ಅದೇ. ಮದ್ದಿನ ವಿಭಾಗದಲ್ಲಿ ಮಣಭಾರದ ಒಂದು ಉಕ್ಕಿನ ಒರಳನ್ನು ತೂಗುಹಾಕಿದ್ದಾರೆ. ಅದರೊಳಗೆ ಚಿಟಿಕೆ ಮದ್ದು ಸಿಡಿಸಿದರೆ ಒರಳು ಹಿಂದಕ್ಕೆ ತೂಗುತ್ತದೆ. ಎಷ್ಟು ತೂಗಿತೋ ಅದು ಮದ್ದಿನ ಬಲ. ಆಗ ನಾವು ಕಿವಿಗೆ ಮುಚ್ಚಳ ಹಾಕಿಕೊಂಡು ಗೋಡೆಯ ಈಚೆ ನಿಂತಿರುತ್ತೇವೆ. ನಾನಿರುವುದು ಪ್ಲಾಸ್ಟಿಕ್ ವಿಭಾಗ, ಇಲ್ಲಿ ಸದ್ದುಗದ್ದಲ ಇಲ್ಲ. ಸುತ್ತಿಗೆಯಂಥ ಒಂದು ತೋಳನ್ನು ಎತ್ತಿ ಬಿಡುತ್ತೇವೆ. ಅದು ಬಂದು ತುಂಡಿಗೆ ಬಡಿದು, ಮುರಿದು, ಆಚೆ ಕಡೆ ಏರುತ್ತದೆ. ತುಂಡು ಬರೀ ಪೊಳ್ಳಾಗಿದ್ದರೆ ತೋಳು ಸಲೀಸಾಗಿ ಮೇಲೇರುತ್ತದೆ. ಗಟ್ಟಿಯಿದ್ದರೆ ತೋಳಿನ ಶಕ್ತಿಯನ್ನೆಲ್ಲ ತುಂಡೇ ತಿಂದುಬಿಟ್ಟು ತೋಳು ಅಲ್ಲೇ ಮುಗ್ಗರಿಸುತ್ತದೆ.

ನಿನ್ನ ಪೈಪಿಗೆ ಮುಗ್ಗರಿಸಿತು. ಪೂರ್ತಿ ಮುರಿಯಲೇ ಇಲ್ಲ, ಬಾಗಿ ಬಿಳಿಚಿಕೊಂಡು ಉಳಿಯಿತು. ಪೈಪು ಒಳ್ಳೆಯದಿದೆ. ಇಷ್ಟು ಬರೆಯಲು ನನಗೆ ಎಷ್ಟು ಕಷ್ಟವಾಯಿತು ಎಂದು ನಿನಗೆ ಗೊತ್ತಾದರೆ ಸಾಕು.

ಅತ್ತಿಗೆಗೆ ನೆನಪು ಹೇಳು. ಅಮ್ಮನಿಗೆ ಫೋನ್ ಮಾಡಿದ್ದೆ. ತನ್ನದೆಲ್ಲ ಗಡಗಡ ಹೇಳಿ ಇಟ್ಟುಬಿಟ್ಟಳು. ನನ್ನ ಮೇಲೆ ಅವಳಿಗೂ ಸಿಟ್ಟೇ?

ಇಂತಿ ನಿನ್ನ ಸೋತ ತಂಗಿ,
ಸುಷ್ಮಾ

*

ಮೇಳಿಗೆ
೪ ಜನವರಿ ೨೦೨೫

ತಂಗಿ ಸುಷ್ಮಾಗೆ,

ಕಾಗದ ಓದಿದೆ, ಹರಿಯಲಿಲ್ಲ. ಅಂಗಡಿಯ ಗೋಡೆಗೆ ಅಂಟಿಸಿದ್ದೇನೆ. ‘ಪೈಪು ಒಳ್ಳೆಯದಿದೆ’ ಎಂಬಲ್ಲಿ ಕೆಂಪು ಗೆರೆ ಹಾಕಿದ್ದೇನೆ. ನಿನ್ನ ಉಯ್ಯಾಲೆಯೇ ನನ್ನ ಪೈಪಿನ ಮುಂದೆ ಮುಗ್ಗರಿಸಿತು ಎಂದು ನಿನ್ನ ಅತ್ತಿಗೆ ಯಶೋಧಾಗೆ ಪಾಯಸ ಮಾಡಲು ಹೇಳಿದೆ. ಅವಳು ಮಾಡಲಿಲ್ಲ, ಅದು ಬೇರೆ ವಿಷಯ.

ತೀರ್ಥಹಳ್ಳಿಯ ಪ್ರೆಸ್ಸಿನಲ್ಲಿ ಚೀಟಿ ಹೊಡೆಸಿದ್ದೇನೆ, ‘ನಾಗಪುರ ಲ್ಯಾಬಿನಲ್ಲಿ ಪಾಸಾದದ್ದು’ ಅಂತ. ಪ್ರತಿ ಗನ್ನಿಗೂ ಒಂದು. ಈಗ ವ್ಯಾಪಾರ ಮೇಳಿಗೆಯಲ್ಲೇ ನಿಂತಿಲ್ಲ. ಹೊಸನಗರದ ಸಂತೆಗೆ ಹೋಯಿತು, ಸಾಗರಕ್ಕೆ ಹೋಯಿತು. ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯುವಾಗ ಒಂದು ಹೊಡೆದು ತೋರಿಸಿದೆ. ಸಿಗಂದೂರಿಗೆ ಹೊರಟವರೆಲ್ಲ ದಡಬಡಿಸಿ ಎದ್ದರು, ಲಾಂಚಿನವರು ಬೈದರು. ಬೈದ ಲಾಂಚಿನಲ್ಲೇ ಆಚೆ ದಡಕ್ಕೆ ಹೋಗಿ ಒಂದು ಹೊರೆ ಕೊಟ್ಟು ಬಂದೆ.

ನೀನು ಲ್ಯಾಬಿನವಳು. ನಮ್ಮ ಲೆಕ್ಕ ಬೇರೆ. ಇಲ್ಲಿ ಯಾರೂ ಗನ್ನಿನ ಪೈಪು ನೋಡುವುದಿಲ್ಲ, ಸದ್ದು ನೋಡುತ್ತಾರೆ. ಮಂಗಕ್ಕೆ ಕಲ್ಲು ಹೊಡೆಯುವಂತಿಲ್ಲ, ಅದು ಹನುಮಪ್ಪ. ಓಡಿಸಬೇಕು, ಗಾಯ ಮಾಡಬಾರದು. ಹೋದ ವರ್ಷದ ಸದ್ದಿಗೆ ಈ ವರ್ಷ ಮಂಗ ತಿರುಗಿಯೂ ನೋಡದು. ಆದ್ದರಿಂದ ವರ್ಷವರ್ಷವೂ ಸದ್ದು ಏರಿಸಬೇಕು. ಈಗ ನಮ್ಮ ಕೇರಿಯವರದು ಅದೇ ಪಂತ, ಯಾರ ಗನ್ನಿನ ಸದ್ದು ಹೊಳೆಯಾಚೆ ತನಕ ಹೋಯಿತು ಅಂತ.

ಅದರಲ್ಲಿ ಗೆದ್ದವಳು ಯಾರು ಗೊತ್ತೇ? ಅಮ್ಮ. ಕೇರಿಯಲ್ಲಿ ಮಂಗ ಕಾಯುವುದಕ್ಕೆ ಮನೆಮನೆಗೂ ಪಾಳಿ ಇದೆಯಲ್ಲ, ಅಮ್ಮ ಎಲ್ಲರ ಪಾಳಿಯನ್ನೂ ತಾನೇ ಕಾಯುತ್ತಾಳೆ. ಬೆಳಗ್ಗೆ ಗಂಜಿ ಕುಡಿದು ಬಾಳೆತೋಟದ ಬದಿಯ ಕಾವಲು ಮಾಳ ಹತ್ತಿದರೆ ಇಳಿಯುವುದು ಊಟಕ್ಕೆ. ಅದೂ ನಾವು ಕರೆದಾಗ ಅಲ್ಲ, ಅವಳಿಗೆ ಮನಸ್ಸಾದಾಗ. ಈಚೆಗೆ ಹಠ ಜಾಸ್ತಿಯಾಗಿದೆ. ಮಾತಿಗೆ ಮಾತು ಕೊಡುವುದಿಲ್ಲ. ನೀನು ಬಾಂಬು ಗೀಂಬು ಎಂದದ್ದಕ್ಕೆ ಮುನಿಸಿರಬೇಕು. ಫೋಟೋ ಇಟ್ಟಿದ್ದೇನೆ, ನೋಡು. ಝಾನ್ಸಿ ರಾಣಿಗೂ ಇಂಥ ನಿಲುವು ಇರಲಿಲ್ಲ.

ಇಂತಿ ಪಾಸಾದ ಅಣ್ಣ,
ನಾಗೇಂದ್ರ

*

ನಾಗಪುರ
೧೯ ಜನವರಿ ೨೦೨೫

ಅಣ್ಣಯ್ಯ,

ಆ ಚೀಟಿಗಳನ್ನು ಇವತ್ತೇ ಕೀಳು. ನಾನು ಪರೀಕ್ಷಿಸಿದ್ದು ನನ್ನಣ್ಣ ಕಳಿಸಿದ ಒಂದು ಪೈಪಿನ ತುಂಡನ್ನು, ಊಟದ ಬಿಡುವಿನಲ್ಲಿ, ಮೇಲಿನವರನ್ನು ಕೇಳಿಕೊಂಡು. ಅದಕ್ಕೆ ಸರ್ಟಿಫಿಕೇಟ್ ಇಲ್ಲ, ಸೀಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ, ಹಾಗಾಯಿತು ನಿನ್ನದು.

ಚೀಟಿಗಿಂತ ದೊಡ್ಡ ವಿಷಯ ಫೋಟೋದಲ್ಲಿದೆ. ಅಮ್ಮ ಗನ್ನನ್ನು ಕೆನ್ನೆಗೆ ಒತ್ತಿ ಹಿಡಿದಿದ್ದಾಳೆ. ಪೈಪು ಸೀಳಿದರೆ ಮೊದಲು ಸಿಗುವುದು ಅವಳ ಕಣ್ಣು. ಅವಳ ಹಿಂದೆ ಮಾಳದ ತಗಡಿನ ಮೇಲೆ ಇನ್ನೊಂದು ಗನ್ ಒಣಹಾಕಿದ ಹಾಗೆ ಬಿದ್ದಿದೆ. ಹೋದ ವರ್ಷದ್ದು ತಾನೇ? ಅದು ಅಲ್ಲಿ ಎಷ್ಟು ಬಿಸಿಲು ಕುಡಿದಿದೆ? ನೀನು ನನಗೆ ಕಳಿಸಿದ್ದು ಅಂಗಡಿಯ ನೆರಳಿನಲ್ಲಿದ್ದ ಹೊಚ್ಚಹೊಸ ಪೈಪು. ಗನ್ ಇರುವುದು ತಗಡಿನ ಮೇಲೆ, ಬೇಲಿಯ ಗೂಟದಲ್ಲಿ, ಗದ್ದೆಯ ಬದುವಿನಲ್ಲಿ. ನಾನು ಯಾಕೆ ಅದನ್ನು ಆಗಲೇ ಯೋಚಿಸಲಿಲ್ಲ ಎಂದು ಮೈ ಪರಚಿಕೊಳ್ಳುವ ಹಾಗಾಗಿದೆ. ಅಣ್ಣನ ಮುಂದೆ ಸೋತೆ ಎಂಬ ಸಿಟ್ಟಿನಲ್ಲಿ ಒಂದು ಪ್ರಶ್ನೆ ಕೇಳುವುದನ್ನು ಮರೆತೆ.

ನೀನು ಕಳಿಸಿದ ಪೈಪಿನಿಂದ ಕೊಯ್ದು ಉಳಿದಿದ್ದ ತುಂಡುಗಳನ್ನು ಇಲ್ಲಿ ಬಿಸಿಲಿನ ಪೆಟ್ಟಿಗೆಗೆ ಹಾಕಿದ್ದೇನೆ. ಒಂದು ದೊಡ್ಡ ದೀಪದ ಪೆಟ್ಟಿಗೆ ಅದು, ಒಂದು ಬೇಸಿಗೆಯ ಬಿಸಿಲನ್ನು ಕೆಲವೇ ವಾರದಲ್ಲಿ ಉಣ್ಣಿಸಿಬಿಡುತ್ತದೆ. ಆಮೇಲೆ ಲೋಲಕಕ್ಕೆ ಕೊಡುತ್ತೇನೆ. ಅಷ್ಟರವರೆಗೆ ಕಾಯಲು ನನ್ನಿಂದ ಆಗುತ್ತಿಲ್ಲ. ತಗಡಿನ ಮೇಲಿನ ಆ ಹಳೆಯದನ್ನೇ ಕಳಿಸು. ಗೋಣಿ ಹೊಲಿಯಬೇಡ, ಸುಮ್ಮನೆ ಕಟ್ಟಿ ಕಳಿಸು.

ಅಮ್ಮನಿಗೆ ಫೋನ್ ಮಾಡಿ ಗನ್ ಮುಟ್ಟಬೇಡ ಎಂದು ಬಿಡಿಸಿ ಬಿಡಿಸಿ ಹೇಳಿದೆ. “ಹೂಂ ಆಯ್ತು, ಹೂಂ ಆಯ್ತು” ಎಂದಳು. ನಿಜಕ್ಕೂ ಇಟ್ಟಳೇ, ನೋಡಿ ಬರೆ.

ಸುಷ್ಮಾ

*

ಮೇಳಿಗೆ
೩ ಫೆಬ್ರವರಿ ೨೦೨೫

ಸುಷ್ಮಾ,

ಒಂದು ತಿಂಗಳ ಹಿಂದೆ ಪಾಸು, ಈಗ ಫೇಲು. ನಿನ್ನ ಲೋಲಕಕ್ಕಿಂತ ನೀನೇ ಜಾಸ್ತಿ ತೂಗಾಡುತ್ತೀಯ.

ನಾನು ಮಾರಿದ್ದನ್ನು ವಾಪಸ್ ಕೇಳಲು ಯಾವ ಮುಖ ಇಟ್ಟುಕೊಂಡು ಹೋಗಲಿ? ಅಪ್ಪ ಇರುವಾಗ ನಮ್ಮನ್ನು ‘ಗೇಣಿ ಸುಬ್ಬಪ್ಪನ ಮಕ್ಕಳು’ ಎನ್ನುತ್ತಿದ್ದ ಮನೆಗಳವರು ಈಗ ಅಂಗಳದಲ್ಲಿ ಕುರ್ಚಿ ಹಾಕಿ “ಬನ್ನಿ ನಾಗೇಂದ್ರಣ್ಣ, ಕೂತ್ಕಳಿ, ಕಾಪಿ ಕುಡೀರಿ” ಎನ್ನುತ್ತಾರೆ. ಅದು ಈ ಪೈಪಿನಿಂದ ಬಂದದ್ದು. ನಿನಗೆ ಲ್ಯಾಬ್ ಇದೆ, ಬಿಳಿ ಕೋಟು ಇದೆ. ನನಗೆ ಇದೊಂದಿದೆ.

ಹಳೆಯದನ್ನು ಕಳಿಸುವುದಿಲ್ಲ. ಕಳಿಸಿದರೆ ಅದಕ್ಕೂ ಏನಾದರೊಂದು ಹೇಳುತ್ತೀಯ. ನಿನ್ನ ಲ್ಯಾಬಿಗೆ ಮಂಗ ಬರುವುದಿಲ್ಲ, ಬಂದ ದಿನ ಮಾತಾಡೋಣ.

ಅಮ್ಮ ಗನ್ ಇಟ್ಟಿಲ್ಲ. ನಿನಗೆ ಹೂಂ ಎಂದವಳು ಮರುಗಳಿಗೆಯೇ ಮಾಳ ಹತ್ತಿದಳು.

ನಾಗೇಂದ್ರ

*

ನಾಗಪುರ
೧೬ ಮಾರ್ಚ್ ೨೦೨೫

ಅಣ್ಣಯ್ಯ,

ಇದನ್ನು ಗೋಡೆಗೆ ಅಂಟಿಸುವುದಾದರೆ ಅಂಟಿಸು. ಪೂರ್ತಿ ಓದು, ಅಷ್ಟು ಸಾಕು.

ಬಿಸಿಲುಂಡ ತುಂಡುಗಳನ್ನು ನಿನ್ನೆ ಹೊರಗೆ ತೆಗೆದೆ. ಹೊರಗಿನಿಂದ ನೋಡಿದರೆ ಸ್ವಲ್ಪ ಹಳದಿ ಬಂದಿದೆ, ಮುಟ್ಟಿದರೆ ಬೆರಳಿಗೆ ಸುಣ್ಣದಂಥ ಪುಡಿ, ಅಷ್ಟೇ. ಯಾರಾದರೂ ಗಟ್ಟಿಯೇ ಇದೆ ಎನ್ನುತ್ತಾರೆ. ಯಂತ್ರಕ್ಕೆ ಕಚ್ಚಿಸಿ ತೋಳು ಬಿಟ್ಟೆ. ಹೊಸ ಪೈಪಿಗೆ ಮುಗ್ಗರಿಸಿದ ಅದೇ ತೋಳು ಈ ಸಲ ನಡುವೆ ಏನೂ ಇಲ್ಲವೇನೋ ಎಂಬಂತೆ ಆಚೆಗೆ ಏರಿಹೋಯಿತು. ತುಂಡು ಬಾಗಲಿಲ್ಲ. ಚೂರುಚೂರಾಗಿ ಜಾಲರಿಗೆ ಬಡಿಯಿತು. ಒಂದೇ ತುಂಡಿನ ದೋಷ ಇರಬಹುದು ಎಂದು ಉಳಿದವಕ್ಕೂ ಹೊಡೆದೆ. ಎಲ್ಲದರದೂ ಅದೇ ಕಥೆ. ಚೂರುಗಳ ಅಂಚು ಹೇಗಿತ್ತೆಂದರೆ ಗುಡಿಸುವಾಗ ನನ್ನ ಕೈಗವಸು ಹರಿಯಿತು.

ಹೊಸದಾಗಿದ್ದಾಗ ಏನೂ ಆಗಲಿಲ್ಲವಲ್ಲ ಎಂದು ಜನ ಧೈರ್ಯ ಮಾಡುತ್ತಾರೆ. ಅದೇ ಮೋಸ. ಹೊಡೆದಂತೆಲ್ಲ ಧೈರ್ಯ ಏರುತ್ತದೆ, ಬಿಸಿಲು ತಿಂದಂತೆಲ್ಲ ಪೈಪಿನ ಬಲ ಇಳಿಯುತ್ತದೆ. ಅದರ ಮೇಲೆ ನೀನು ವರ್ಷವರ್ಷವೂ ಸದ್ದು ಏರಿಸಿದ್ದೀಯ. ಸದ್ದು ಜೋರಾಯಿತು ಎಂದರೆ ಒಳಗಿನ ಒತ್ತಡವೂ ಜೋರಾಯಿತು ಎಂದೇ ಅರ್ಥ ತಾನೇ? ಮದ್ದಿನ ವಿಭಾಗದ ಭವ್ಯಶ್ರೀಯನ್ನು, ಅವಳೂ ನಮ್ಮ ಹೊಸನಗರದ ಕಡೆಯವಳೇ, ಹೀಗೊಂದು ಗನ್ನಿನ ಹೊಡೆತ ಎಷ್ಟಿರಬಹುದು ಎಂದು ಕೇಳಿದೆ. ಅವಳು ಹೇಳಲಿಲ್ಲ. “ನಿಮ್ಮನೇಲಿ ಯಾರ ಕೈಯಲ್ಲಿದೆ ಅದು?” ಎಂದು ಕೇಳಿದಳು.

ಬೇಸಿಗೆ ಶುರುವಾಗಿದೆ. ನನಗೆ ಇಲ್ಲಿ ಕೂತಲ್ಲಿ ಕೂರಲು ಆಗುತ್ತಿಲ್ಲ, ನಿಂತಲ್ಲಿ ನಿಲ್ಲಲು ಆಗುತ್ತಿಲ್ಲ. ನನ್ನ ಮಾತು ಸುಳ್ಳಾಗಲಿ, ನೀನು ಜನ್ಮಪೂರ್ತಿ ನನ್ನನ್ನು ಆಡಿಕೊಂಡು ನಗು. ಆದರೆ ಅಮ್ಮನ ಕೈಯಿಂದ ಅದನ್ನು ಕಿತ್ತುಕೋ. ನನಗೆ ಅಮ್ಮನ ಕಣ್ಣು ಬೇಕು.

ನಿನ್ನ,
ಸುಷ್ಮಾ

*

ಮೇಳಿಗೆ
೧೩ ಏಪ್ರಿಲ್ ೨೦೨೫

ತಂಗೀ,

ಉತ್ತರ ತಡವಾಯಿತು. ಬರೆಯಲು ಕೂತಾಗಲೆಲ್ಲ ಎದ್ದು ಹೋಗುತ್ತಿದ್ದೆ.

ನಿನ್ನ ಕಾಗದ ಬಂದ ದಿನ ಸಿಟ್ಟಿನಲ್ಲೇ ಮಾಳಕ್ಕೆ ಹೋದೆ. ತಗಡಿನ ಮೇಲಿನ ಹಳೇ ಗನ್ ತಂದು ಅಂಗಡಿಯ ಹಿಂದೆ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಂದೇಟು ಕೊಟ್ಟೆ, ನೋಡೇಬಿಡೋಣ ಅಂತ. ಗಾಜಿನ ಬಳೆ ಒಡೆದ ಹಾಗೆ ಒಡೆಯಿತು. ಒಂದು ಚೂರು ಬಂದು ನನ್ನ ಅಂಗಿಯ ತೋಳಿಗೆ ಚುಚ್ಚಿ ನಿಂತಿತು. ನಾನು ಅಲ್ಲೇ ಕೂತುಬಿಟ್ಟೆ. ಯಶೋಧಾ ಬಂದು ನೋಡಿ ಚೂರು ಕಿತ್ತು ಎಸೆದು ಒಳಗೆ ಹೋದಳು.

ಮಾರನೇ ದಿನದಿಂದ ಊರೂರು ತಿರುಗಿದೆ. ಕೊಡುವಾಗ ಕೈಯೊಡ್ಡಿದ ಜನ ವಾಪಸ್ ಕೇಳಿದರೆ ಬಾಗಿಲು ಮುಚ್ಚಿಕೊಂಡರು. ಹೊಸನಗರದ ಆಚೆ ವಿಘ್ನೇಶ್ವರ ಭಟ್ಟರು ಅಂಗಳದಲ್ಲೇ ನಿಲ್ಲಿಸಿ ಕೇಳಿದರು, “ಅಲ್ಲ ಮಾರಾಯ, ಪಾಸು ಅಂತ ಚೀಟಿ ಅಂಟ್ಸಿದ್ದು ಯಾರು? ನೀನೇ ಅಲ್ದಾ? ಈಗ ಗನ್ ನಿಂಗೆ ಕೊಟ್ರೆ ಮಂಗ ಓಡ್ಸೋಕೆ ನಿನ್ನ ತಂಗಿ ಬರ್ತಾಳಾ?” ಮತ್ತೊಬ್ಬರು ನಾನು ಬೇರೆ ಯಾರಿಗೋ ಹೆಚ್ಚಿಗೆ ರೇಟಿಗೆ ಮಾರಲು ವಾಪಸ್ ಕೇಳುತ್ತಿದ್ದೇನೆ ಎಂದರು. ನುಂಗಲೂ ಆಗದ ಉಗುಳಲೂ ಆಗದ ತುತ್ತು.

ಆಗ ನಿನ್ನ ಉಯ್ಯಾಲೆ ನೆನಪಾಯಿತು. ಅಂಗಡಿ ಮುಂದಿನ ಹಲಸಿನ ಕೊಂಬೆಗೆ ಬಾವಿಹಗ್ಗ ಕಟ್ಟಿ, ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಒರಳುಗುಂಡನ್ನು ನೇತುಹಾಕಿದೆ. ಕೆಳಗೆ ಎರಡು ಗೂಟ, ಗೂಟಕ್ಕೆ ಅಡ್ಡ ಪೈಪು, ಸುತ್ತ ಅಡಿಕೆ ಒಣಗಿಸುವ ಬಲೆ. ಯಾರನ್ನೂ ವಾಪಸ್ ಕೊಡಿ ಎಂದು ಕೇಳಲಿಲ್ಲ. “ಯಾರ ಗನ್ ಗಟ್ಟಿ ಅಂತ ನೋಡ್ವ, ತಗಂಡ್ ಬನ್ನಿ” ಎಂದೆ, ಅಷ್ಟೇ. ನಮ್ಮ ಜನ ಗೊತ್ತಲ್ಲ. ವಾಪಸ್ ಕೊಡು ಎಂದರೆ ಕೊಡದವರು ಪಂತಕ್ಕೆ ಕರೆದರೆ ಸ್ಕೂಟರಿನ ಮೇಲೆ ಕಟ್ಟಿಕೊಂಡು ಬಂದರು. “ನಂದು ಗಟ್ಟಿ ಇದೆ, ಬೇಕಾದ್ರೆ ಹೊಡ್ದು ನೋಡು.” ಹೊಡೆದೆ. ಮೊದಲು ಒಂದು ಹೊಸ ಪೈಪು ಹೊಡೆದು ತೋರಿಸುತ್ತಿದ್ದೆ, ಗುಂಡು ಬಡಿದು ಅಲ್ಲೇ ನಿಲ್ಲುತ್ತಿತ್ತು. ಆಮೇಲೆ ಅವರದು. ಗುಂಡು ಆಚೆಗೆ ಹೋಗಿ ತೂಗಾಡುತ್ತಿತ್ತು, ಗೂಟದಲ್ಲಿ ಚೂರೂ ಉಳಿಯುತ್ತಿರಲಿಲ್ಲ. ಮೊದಮೊದಲು ನಗು, “ಹಾವೂ ಸಾಯ್ಲಿಲ್ಲ, ಕೋಲೂ ಮುರೀತಲ್ಲ ನಾಗಣ್ಣ” ಎಂದು. ಬಲೆಗೆ ಸಿಕ್ಕಿದ ಚೂರುಗಳನ್ನು ಬಿಡಿಸಲು ಹೋಗಿ ಒಬ್ಬರ ಬೆರಳು ಕೊಯ್ದ ಮೇಲೆ ನಗು ನಿಂತಿತು. ಕೆಲವು ಗಟ್ಟಿಯೇ ಇದ್ದವು. ಆದರೆ ಗುಂಡಿನ ಪೆಟ್ಟು ತಿಂದು ಬಾಗಿದ ಪೈಪನ್ನು ಮನೆಗೆ ಒಯ್ದು ಏನು ಮಾಡುತ್ತಾರೆ? ಗಟ್ಟಿಯೋ ಅಲ್ಲವೋ ತಿಳಿಯಬೇಕಾದರೆ ಮುರಿಯಲೇಬೇಕು, ಇದು ನಿನ್ನ ಪರೀಕ್ಷೆಯ ಚಂದ. ಭಟ್ಟರೂ ತಂದರು. ಅವರದೇ ಎಲ್ಲಕ್ಕಿಂತ ಪುಡಿಯಾಯಿತು. ನನ್ನ ಹೆಗಲ ಮೇಲೆ ಕೈಯಿಟ್ಟು ಹೋದರು. ಹಗ್ಗ, ಗುಂಡು ಕಟ್ಟಿಕೊಂಡು ಹೊಳೆಬಾಗಿಲಿಗೂ ಹೋಗಿ ಬಂದೆ. ಲಾಂಚಿನವರು ಈ ಸಲ ಬೈಯಲಿಲ್ಲ.

ಈಗ ಇರುವುದು ಒಂದೇ. ಅಮ್ಮನದು.

ಕೊಡುವುದಿಲ್ಲ. ಕೈ ಮುಗಿದೆ, ಬೈದೆ. ಮೊನ್ನೆ ಅವಳು ಹೊಡೆಯಲು ಎತ್ತಿದ್ದಾಳೆ, ನಾನು ಹಿಂದಿನಿಂದ ಗಂಟಲು ಹರಿಯುವ ಹಾಗೆ “ಅಮ್ಮಾ ಬ್ಯಾಡ, ಇಡು” ಎಂದು ಕೂಗುತ್ತಾ ಓಡಿದೆ. ತಿರುಗಿಯೂ ನೋಡದೆ ಹೊಡೆದಳು. ಹೊಡೆದು ಆಮೇಲೆ ನನ್ನ ಕಡೆ ನೋಡಿ ನಕ್ಕಳು. ಆ ನಗು ನೋಡಿ ನನಗೆ ತಡೆಯಲಿಲ್ಲ. ಕೈಯೆತ್ತಿಬಿಡುತ್ತೇನೇನೋ ಎಂದು ಹೆದರಿ ಇಳಿದು ಬಂದೆ. ನಿನ್ನ ಹಠ, ನನ್ನ ಹಠ ಎಲ್ಲಿಂದ ಬಂತು ಎಂದು ಈಗ ಗೊತ್ತಾಯಿತು. ರಾತ್ರಿ ಕದ್ದು ಬಿಸಾಡೋಣ ಎಂದರೆ ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತಾಳೆ.

ನೀನು ಬರಿ. ಫೋನ್ ಬೇಡ, ಅದರಲ್ಲಿ ಹೂಂ ಎಂದು ಮುಗಿಸುತ್ತಾಳೆ. ಅವಳ ಹೆಸರಿಗೇ ಬರಿ. ಅವಳು ಕಾಗದ ಓದುತ್ತಾಳೆ.

ನಿನ್ನ ಅಣ್ಣಯ್ಯ,
ನಾಗೇಂದ್ರ

*

ನಾಗಪುರ
೨೦ ಏಪ್ರಿಲ್ ೨೦೨೫

ಅಮ್ಮಾ,

ನಿನಗೆ ನಾನು ಕಾಗದ ಬರೆದೇ ಇಲ್ಲ, ನೋಡು. ಹಾಸ್ಟೆಲಿನಲ್ಲಿದ್ದಾಗ ಅಪ್ಪನಿಗೆ ಬರೆದು ಕೊನೆಯಲ್ಲಿ ‘ಅಮ್ಮನಿಗೂ ತಿಳಿಸಿ’ ಎನ್ನುತ್ತಿದ್ದೆ. ಇದು ನಿನಗೇ. ಅಕ್ಷರ ದೊಡ್ಡದು ಮಾಡಿದ್ದೇನೆ, ಕನ್ನಡಕ ಹಾಕಿಕೊಂಡು ಓದು.

ನಿನ್ನ ಗನ್ನಿನ ಪೈಪು ಬಿಸಿಲಿಗೆ ಸತ್ತಿದೆ. ಮೇಲೆ ಚೆನ್ನಾಗಿ ಕಾಣುತ್ತದೆ, ಒಳಗೆ ಇಲ್ಲ. ಗೆದ್ದಲು ತಿಂದ ತೊಲೆಗೆ ಬಣ್ಣ ಹಚ್ಚಿದರೆ ಹೇಗಿರುತ್ತದೋ ಹಾಗೆ. ಇದನ್ನು ನಾನು ಕೇಳಿ ಹೇಳುತ್ತಿಲ್ಲ, ನನ್ನ ಕೈಯಾರೆ ಮುರಿದು ನೋಡಿ ಹೇಳುತ್ತ ಇದ್ದೇನೆ. ಯಾವತ್ತೋ ಒಂದು ದಿನ ಮಂಗ ಓಡುತ್ತದೆ, ಜೊತೆಗೆ ನಿನ್ನ ಕಣ್ಣೂ ಹೋಗುತ್ತದೆ. ಆ ಯಾವತ್ತೋ ಎಂಬುದು ಯಾವತ್ತು ಎಂದು ಹೇಳುವ ಯಂತ್ರ ನಮ್ಮ ಲ್ಯಾಬಿನಲ್ಲಿ ಇಲ್ಲ. ಇದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ.

ನಾಲ್ಕು ಬಾಳೆಗೊನೆ ಮಂಗ ತಿಂದರೆ ತಿನ್ನಲಿ. ನೀನು ಅಷ್ಟು ಲೆಕ್ಕ ಹಾಕುವವಳೂ ಅಲ್ಲ. ಗೊನೆ ಕಡಿದರೆ ಮೊದಲ ಚಿಪ್ಪು ಪಕ್ಕದ ಮನೆಗೆ ಕೊಡುವವಳು. ಹಾಗಿದ್ದರೆ ಯಾಕೆ ಈ ಹಠ? ಫೋನಿನಲ್ಲಿ ನನಗೆ ಹೂಂ ಎಂದೆ. ಹೂಂ ಎಂದು ಸುಳ್ಳು ಹೇಳುವವಳಲ್ಲ ನೀನು. ಅಣ್ಣಯ್ಯ ಅಷ್ಟು ಕೂಗಿದರೂ ಹೊಡೆದು ನಕ್ಕೆಯಂತೆ. ಅವನು ಆ ದಿನ ಊಟ ಮಾಡಲಿಲ್ಲ ಎಂದು ಅತ್ತಿಗೆ ಹೇಳಿದಳು. ನನಗೂ ಇಲ್ಲಿ ಅನ್ನ ಇಳಿಯುತ್ತಿಲ್ಲ. ನಮ್ಮಿಬ್ಬರ ಮೇಲೆ ನಿನಗೆ ಏನು ಸಿಟ್ಟಿದೆ ಹೇಳು. ಬೈಯುವುದಿದ್ದರೆ ಬೈದು ಬರೆ. ಆದರೆ ಬರೆ.

ಆ ಗನ್ ಕೊಟ್ಟುಬಿಡು ಅಮ್ಮಾ. ನಾನು ನಿನ್ನ ಹತ್ತಿರ ಇಲ್ಲಿಯವರೆಗೆ ಏನನ್ನೂ ಹೀಗೆ ಬೇಡಿಲ್ಲ.

ನಿನ್ನ ಮಗಳು,
ಸುಷ್ಮಾ

*

ಮೇಳಿಗೆ
೧೧ ಮೇ ೨೦೨೫, ಭಾನುವಾರ

ಮಗಳು ಸುಷ್ಮಾಗೆ ಗುತ್ಯಮ್ಮ ಮಾಡುವ ಆಶೀರ್ವಾದ.

ನಿನ್ನ ಕಾಗದ ತಲುಪಿತು. ಮಾಳದಲ್ಲಿ ಕೂತು ಓದಿದೆ. ಮುಗಿದ ಮೇಲೆ ಮತ್ತೆ ಮೊದಲಿನಿಂದ ಓದಿದೆ. ನಿನ್ನ ಮಾತು ಒಂದೂ ಬಿಡದೆ ಪೂರ್ತಿ ಸಿಕ್ಕಿ ಬಹಳ ದಿನವಾಗಿತ್ತು.

ನನಗೆ ಯಾರ ಮೇಲೂ ಸಿಟ್ಟಿಲ್ಲ ಮಗಾ. ನನಗೆ ಕಿವಿ ಕೇಳುವುದಿಲ್ಲ.

ಹೋದ ಮಳೆಗಾಲದ ಮೊದಲೇ ಶುರುವಾಗಿತ್ತು. ಮೊದಲು ಕಿವಿಯೊಳಗೆ ಜೀರುಂಡೆ ಕೂಗಿದ ಹಾಗೆ. ಆಮೇಲೆ ಹಕ್ಕಿ ಹೋಯಿತು, ಕುಕ್ಕರಿನ ಸೀಟಿ ಹೋಯಿತು, ದಸರಾಕ್ಕೆ ನೀನು ಬಂದು ಹೋದ ಮೇಲೆ ಮನುಷ್ಯರ ಮಾತೂ ಹೋಯಿತು. ಸಾಗರಕ್ಕೆ ನಿನ್ನ ಚಿಕ್ಕಮ್ಮ ಕನ್ನಮ್ಮನ ಮನೆಗೆ ಹೋದಾಗ ಅವಳು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವಳಿಗೆ ಮಾತ್ರ ಗೊತ್ತು, ಅವಳಿಂದ ಆಣೆ ಮಾಡಿಸಿಕೊಂಡಿದ್ದೇನೆ, ಬೈಯಬೇಡ. ಡಾಕ್ಟರು ಕಾಗದದ ಮೇಲೆ ಬರೆದು ತೋರಿಸಿದರು, ದೊಡ್ಡ ಸದ್ದಿನಿಂದ ಆದದ್ದು ಅಂತ. ಏನು ಕೆಲಸ ಮಾಡುತ್ತೀರಿ ಎಂದು ಬರೆದು ಕೇಳಿದರು. ಮನೆಗೆಲಸ ಎಂದೆ.

ನಿಮಗೆ ಹೇಗೆ ಹೇಳಲಿ? ನಾಗನಿಗೆ ಹೇಳಿದರೆ ತನ್ನ ಗನ್ನಿನಿಂದ ಅಮ್ಮನ ಕಿವಿ ಹೋಯಿತು ಎಂದು ಅವನು ಆ ದಿನವೇ ಅಂಗಡಿ ಮುಚ್ಚುತ್ತಾನೆ. ನಿನಗೆ ಹೇಳಿದರೆ ನಾನು ಮೊದಲೇ ಹೇಳಿರಲಿಲ್ಲವೇ ಎಂದು ಅವನ ಮೇಲೆ ಏರಿ ಹೋಗುತ್ತೀಯ. ನಿಮ್ಮಿಬ್ಬರ ಜಗಳಕ್ಕೆ ನನ್ನ ಕಿವಿಯೂ ಸೌದೆಯಾಗುವುದು ಬೇಡ ಎನ್ನಿಸಿತು. ಅದಕ್ಕೇ ಯಶೋಧಾ ಫೋನ್ ತಂದು ಕೊಟ್ಟರೆ ನೀನು ಮಾತಾಡುವ ಮೊದಲೇ ನನ್ನದೆಲ್ಲ ಹೇಳಿ ಇಡುತ್ತಿದ್ದೆ. ಅವಳು ಎದುರಿಗೇ ನಿಂತಿದ್ದರೆ ಹೂಂ ಎನ್ನುತ್ತಿದ್ದೆ. ನೀನು ಏನು ಕೇಳಿದೆಯೋ, ನಾನು ಯಾವುದಕ್ಕೆ ಹೂಂ ಎಂದೆನೋ ದೇವರಿಗೇ ಗೊತ್ತು. ಎಲ್ಲರ ಪಾಳಿಯನ್ನೂ ನಾನೇ ತೆಗೆದುಕೊಂಡದ್ದು ಮಾಳದ ಮೇಲೆ ಯಾರೂ ಮಾತಿಗೆ ಬರುವುದಿಲ್ಲ ಅಂತ.

ಗನ್ ಯಾಕೆ ಕೊಡಲಿಲ್ಲ ಎಂದು ಕೇಳಿದೆ. ಅದೊಂದು ನನಗೆ ಕೇಳಿಸುತ್ತಿತ್ತು. ಕೇಳಿಸುತ್ತಿತ್ತೋ, ಎದೆಗೆ ಬಡಿಯುತ್ತಿತ್ತೋ ಗೊತ್ತಿಲ್ಲ. ಹೊಡೆದರೆ ಒಂದು ಗಳಿಗೆ ಮೊದಲಿನ ಹಾಗೆ ಆಗುತ್ತಿತ್ತು. ಅದರಿಂದಲೇ ಕಿವಿ ಹೋದದ್ದು ಎಂದು ನನಗೂ ಗೊತ್ತು. ಹೋದ ಕಿವಿ ಹೋಯಿತು, ಇನ್ನು ಹೋಗುವುದು ಏನಿದೆ ಎಂದುಕೊಂಡಿದ್ದೆ. ಕಣ್ಣು ಇದೆ ಎಂದು ನೀನು ಬರೆದ ಮೇಲೆ ಹೊಳೆಯಿತು. ಕಣ್ಣೂ ಹೋದರೆ ನಿನ್ನ ಕಾಗದವನ್ನು ಹೇಗೆ ಓದಲಿ?

ಅದಕ್ಕೇ ಮಾರನೇ ಬೆಳಗ್ಗೆ ನಾನೇ ತಗೊಂಡು ಅಂಗಡಿಗೆ ಹೋದೆ. ಗಿರಾಕಿಗಳು ಇದ್ದರು, ಯಶೋಧಾ ಇದ್ದಳು. ಗೂಟದ ಮೇಲೆ ನಾನೇ ಇಟ್ಟೆ. ನಾಗ ನನ್ನ ಮುಖ ನೋಡಿ ಒರಳುಗುಂಡು ಎಳೆದು ಬಿಟ್ಟ. ನಾನು ಹತ್ತಿರವೇ ಬಲೆಗೆ ಬೆನ್ನು ಮಾಡಿ ನಿಂತಿದ್ದೆ, ಮುರಿಯುವುದನ್ನು ನೋಡಲು ಮನಸ್ಸಿರಲಿಲ್ಲ. ಎದುರಿಗಿದ್ದವರೆಲ್ಲ ಒಮ್ಮೆಲೇ ಬೆಚ್ಚಿ ಹಿಂದಕ್ಕೆ ಸರಿದರು. ಯಶೋಧಾ ಕಿವಿ ಮುಚ್ಚಿಕೊಂಡಳು. ಯಾಕೆ ಇವರೆಲ್ಲ ಹೀಗೆ ಮಾಡುತ್ತಿದ್ದಾರೆ ಎಂದು ನೋಡುತ್ತ ನಾನು ಸುಮ್ಮನೆ ನಿಂತಿದ್ದೆ. ಮುರಿದದ್ದು ನನಗೆ ಗೊತ್ತೇ ಆಗಲಿಲ್ಲ.

ನಾಗನಿಗೆ ಆಗ ತಿಳಿಯಿತು. ಹಿಂದಿನಿಂದ ಅವನು ಎಷ್ಟು ಸಲ ಕರೆದನೋ, ಯಶೋಧಾಳ ಕಣ್ಣಲ್ಲಿ ನೀರು ಬಂದದ್ದು ನೋಡಿ ನಾನು ತಿರುಗಿದೆ. ಅವನು ನೆಲದ ಮೇಲೆ ಕೂತಿದ್ದ. ಬಾಯಿ ಆಡುತ್ತಿತ್ತು. ‘ಅಮ್ಮ’ ಎಂದದ್ದು ತಿಳಿಯಿತು, ಉಳಿದದ್ದು ತಿಳಿಯಲಿಲ್ಲ.

ಆವತ್ತಿನಿಂದ ಅವನು ಅಂಗಡಿ ತೆಗೆದಿಲ್ಲ. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ತೋರಿಸಿದ. ಡಾಕ್ಟರು ಏನು ಹೇಳಿದರು ಎಂದು ಅವನು ನನಗೆ ಬರೆದು ತೋರಿಸಲಿಲ್ಲ, ನಾನೂ ಕೇಳಲಿಲ್ಲ. ದಿನವೂ ನನ್ನ ಮುಂದೆ ಬಂದು ಕೂರುತ್ತಾನೆ. ತಲೆ ತಗ್ಗಿಸಿಕೊಂಡು ಏನೋ ಹೇಳುತ್ತಾನೆ, ಬಹಳ ಹೊತ್ತು ಹೇಳುತ್ತಾನೆ. ನಾನು ಅವನ ತಲೆ ಸವರುತ್ತೇನೆ. ನಿನ್ನದೇನೂ ತಪ್ಪಿಲ್ಲ ಮಗಾ ಎಂದು ಎಷ್ಟೋ ಸಲ ಹೇಳಿದ್ದೇನೆ.

ನೀನು ಅವನಿಗೆ ಒಂದು ಕಾಗದ ಬರೆ. ಜಗಳದ್ದಲ್ಲ. ನಾನು ಹೇಳಿದ್ದಕ್ಕೆ ಅವನು ಏನೆನ್ನುತ್ತಾನೆ ಎಂದು ನನಗೆ ಕೇಳುವುದಿಲ್ಲ.

ನಿನ್ನ ಅಮ್ಮ,
ಗುತ್ಯಮ್ಮ